ಬೇಸಿಗೆಯಲ್ಲಿ ಲಿನೋ ಪ್ರಿಂಟ್: ನಡುವೆ ಗೆರೆ ಮುಚ್ಚುತ್ತಿದೆ, ಅಂಚಲ್ಲಿ ಬಿಳಿ ಚುಕ್ಕಿ. ಪರಿಹಾರ ಇದೆಯಾ?

ಲಿನೋ_ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ರಾಯಚೂರು ಕೋಟೆ ಗೋಡೆಯಲ್ಲಿ 1294ರ ಶಾಸನ ಇರುವ ಉದ್ದನೆ ಕಲ್ಲು ಇದೆಯಲ್ಲ, ಆ ಕಲ್ಲನ್ನೇ ಬಂಡಿ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಅದನ್ನು ನೋಡಿ ಒಂದು ಲಿನೋ (ಕೆತ್ತಿ, ಇಂಕ್ ಹಚ್ಚಿ ಅಚ್ಚು ತೆಗೆಯುವ ಲಿನೋಲಿಯಂ ಹಾಳೆ) ಕೆತ್ತಿದ್ದೇನೆ. ಪ್ರೆಸ್ ಇಲ್ಲ, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ಪ್ರಿಂಟ್ ತೆಗೆಯುತ್ತೇನೆ. ಚಳಿಗಾಲದಲ್ಲಿ ಚೆನ್ನಾಗಿ ಬರುತ್ತಿತ್ತು. ಈಗ ಮೊದಲ ಒಂದೆರಡು ಪ್ರಿಂಟ್ ಆದ ಮೇಲೆ ಗಾಲಿ, ಹಗ್ಗದ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅಂಚಿನಲ್ಲಿ ಮಾತ್ರ ಕಪ್ಪು ಸರಿಯಾಗಿ ಹತ್ತುವುದಿಲ್ಲ, ಬಿಳಿ ಚುಕ್ಕಿ ಬೀಳುತ್ತವೆ. ಅಂಚಿಗೆ ಅಂತ ಇಂಕ್ ಜಾಸ್ತಿ ಹಾಕಿದರೆ ನಡುವಿನ ಗೆರೆ ಹೋಗುತ್ತದೆ, ಕಮ್ಮಿ ಮಾಡಿದರೆ ಅಂಚು ಇನ್ನೂ ಬೆಳ್ಳಗಾಗುತ್ತದೆ. ಏನು ಮಾಡಲಿ?

ಗುಡ್ಡದ_ಬಳ್ಳಾರಿ

ಒಂದಿಷ್ಟು ಕೇಳಬೇಕು ಅಣ್ಣಾ. ಯಾವ ಇಂಕ್? ಎಷ್ಟು ಹೊತ್ತಿಗೆ ಕೂರುತ್ತೀರಿ? ಕಾಗದ ಒಣಗಿದ್ದಾ, ಒದ್ದೆ ಮಾಡಿದ್ದಾ? ಫ್ಯಾನ್ ಹಾಕಿರುತ್ತೀರಾ? ಆಮೇಲೆ ಗಾಜಿನ ಮೇಲೆ ಇಂಕ್ ಹರಡಲು ರೋಲರ್ ಆಡಿಸುವಾಗ ಸದ್ದು ಹೇಗೆ ಬರುತ್ತದೆ, ಅದನ್ನೂ ಹೇಳಿ.

ಲಿನೋ_ರಾಯಚೂರು

ಪ್ರಿಂಟಿಂಗ್ ಪ್ರೆಸ್‌ನವರಿಗೆ ಸಾಮಾನು ಮಾರುವ ಅಂಗಡಿಯಿಂದ ತಂದ ಕಪ್ಪು ಇಂಕ್, ಎಣ್ಣೆಯದ್ದು. ಮಧ್ಯಾಹ್ನ ಊಟ ಆದ ಮೇಲೆ ಕೂರುತ್ತೇನೆ. ಕಾಗದ ದಪ್ಪನೆ ಹ್ಯಾಂಡ್‌ಮೇಡ್, ಸ್ಪಂಜಿನಿಂದ ನೀರು ಸವರಿ ಕೂಡಲೇ ಬಳಸುತ್ತೇನೆ. ಫ್ಯಾನ್ ಇಲ್ಲದೆ ಈ ಸೆಕೆಯಲ್ಲಿ ಹೇಗೆ ಕೂರುವುದು! ಸದ್ದು ಪಚಪಚ ಅನ್ನುತ್ತದೆ.

ಗುಡ್ಡದ_ಬಳ್ಳಾರಿ

ಹಾಗಾದರೆ ಇವು ಎರಡು ಬೇರೆ ಬೇರೆ ತೊಂದರೆ. ನೀವು ಎರಡಕ್ಕೂ ಇಂಕನ್ನೇ ಹೆಚ್ಚುಕಮ್ಮಿ ಮಾಡುತ್ತಾ ಇದ್ದೀರಿ, ಅದಕ್ಕೇ ಕೈಗೆ ಸಿಗುತ್ತಿಲ್ಲ. ನಡುವೆ ಗೆರೆ ಮುಚ್ಚುವುದು ಇಂಕಿನಿಂದ. ಅಂಚಿನ ಚುಕ್ಕಿ ಕಾಗದದಿಂದ.

ಮೊದಲು ಇಂಕ್. ಎಣ್ಣೆ ಇಂಕ್ ಬಿಸಿಗೆ ತೆಳ್ಳಗಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಹೊತ್ತು ಗಾಜು, ರೋಲರ್, ಲಿನೋ ಎಲ್ಲ ಬೆಚ್ಚಗೇ ಇರುತ್ತವೆ. ತೆಳ್ಳಗಾದ ಇಂಕ್ ಮೇಲ್ಮೈ ಮೇಲೆ ನಿಲ್ಲದೆ ಕೆತ್ತಿದ ಸಂದಿಗೆ ಇಳಿಯುತ್ತದೆ. ಪಚಪಚ ಸದ್ದು ಬಂದರೆ ಇಂಕ್ ಜಾಸ್ತಿ ಅಥವಾ ತೆಳು ಅಂತಲೇ ಅರ್ಥ. ಸರಿಯಾಗಿದ್ದಾಗ ಸಣ್ಣಗೆ ಸರ್‍ರ್ ಅನ್ನುತ್ತದೆ, ಗಾಜಿನ ಮೇಲೆ ವೆಲ್ವೆಟ್ ಬಟ್ಟೆಯಂಥ ನುಣುಪಾದ ಪದರ ಕಾಣುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಕಂಡರೆ ಅರ್ಧ ಇಂಕ್ ಕೆರೆದು ಪಕ್ಕಕ್ಕಿಡಿ.

ಗಟ್ಟಿ ಮಾಡಲು ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಸೇರಿಸಿ. ಜಿಮ್‌ನವರು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಅದೇ, ಆದರೆ ಬೇರೇನೂ ಬೆರೆಸದ್ದು ಬೇಕು. ಒಂದೇ ಸಲ ಸುರಿಯಬೇಡಿ. ಒಂದು ಚಿಟಿಕೆ ಹಾಕಿ, ಚಪ್ಪಟೆ ಚಾಕುವಿನಿಂದ ಗಾಜಿಗೆ ಒತ್ತಿ ಒತ್ತಿ ಅರೆಯಿರಿ, ಚಾಕು ಎತ್ತಿ ನೋಡಿ. ಇಂಕ್ ಜಾರಿ ಬೀಳದೆ ಚಾಕುವಿಗೇ ಕಚ್ಚಿಕೊಂಡು ನಿಧಾನಕ್ಕೆ ಇಳಿದರೆ ಸಾಕು. ಪುಡಿ ಅತಿಯಾದರೆ ಕಪ್ಪು ಮಂಕಾಗುತ್ತದೆ.

ಇಂಕಿನ ಈ ಗಟ್ಟಿ-ತೆಳು ಗುಣವನ್ನೇ ಹಿಡಿದು ಕೃಷ್ಣ ರೆಡ್ಡಿಯವರು ಪ್ಯಾರಿಸ್ಸಿನ ಅಟೆಲಿಯರ್ 17 ಎಂಬ ಪ್ರಿಂಟ್ ಸ್ಟುಡಿಯೋದಲ್ಲಿ ಒಂದೇ ಪ್ಲೇಟಿನಿಂದ ಹಲವು ಬಣ್ಣ ತೆಗೆಯುವ ವಿಧಾನ ಬೆಳೆಸಿದರು. ಅಗಸೆ ಎಣ್ಣೆ ಕಮ್ಮಿ ಇರುವ ಇಂಕು, ಜಾಸ್ತಿ ಇರುವ ಇಂಕು ಒಂದನ್ನೊಂದು ಸೇರಿಸಿಕೊಳ್ಳುವುದಿಲ್ಲ, ಅದೇ ಅದರ ಮೂಲ. ಚಿತ್ತೂರು ಜಿಲ್ಲೆಯವರು ಅವರು. ನನಗೆ ತುಂಬಾ ಇಷ್ಟದ ಕಲಾವಿದರು, ಅದಕ್ಕೇ ಇಲ್ಲಿ ಹೇಳಿದೆ.

ಈಗಾಗಲೇ ಮುಚ್ಚಿರುವ ಗೆರೆಗೆ: ಹೊಸ ಇಂಕ್ ಹಚ್ಚದೆ ನ್ಯೂಸ್‌ಪೇಪರ್ ಇಟ್ಟು ಉಜ್ಜಿ ತೆಗೆಯಿರಿ, ಇನ್ನೊಂದು ಸಲ ತೆಗೆಯಿರಿ. ಉಳಿದದ್ದನ್ನು ಹಳೇ ಒಣ ಟೂತ್‌ಬ್ರಷ್‌ನಿಂದ ಉಜ್ಜಿ. ಕಾಗದದ ವಿಷಯ ಕೊಪ್ಪಳದ ಅಕ್ಕ ಹೇಳಲಿ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕಾಗದ_ಕೊಪ್ಪಳ

ಅಂಚು ಒಣಗುತ್ತಿದೆ ತಮ್ಮಾ, ಬೇರೇನಲ್ಲ. ನೀರು ಸವರಿ ಕೂಡಲೇ ಬಳಸಿದರೆ ಮೇಲೆ ನೀರು, ಒಳಗೆ ಒಣ. ಫ್ಯಾನ್ ಗಾಳಿಗೆ ಮೊದಲು ಒಣಗುವುದು ಅಂಚು. ಒಣ ಅಂಚಿನ ಕಾಗದ ಬಿರುಸಾಗಿ ಲಿನೋಗೆ ಕೂರುವುದಿಲ್ಲ, ಅದೇ ನಿಮ್ಮ ಬಿಳಿ ಚುಕ್ಕಿ.

ಹಿಂದಿನ ರಾತ್ರಿ ಒಂದು ಹಾಳೆಗೆ ನೀರು ಸವರಿ, ಮೇಲೆ ಒಂದು ಒಣ ಹಾಳೆ, ಮತ್ತೆ ಒದ್ದೆ, ಮತ್ತೆ ಒಣ, ಹೀಗೆ ಜೋಡಿಸಿ. ಪೂರ್ತಿ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಮೇಲೆ ಭಾರ ಇಡಿ. ಬೆಳಗ್ಗೆ ಹೊತ್ತಿಗೆ ತೇವ ಎಲ್ಲ ಕಡೆ ಸಮ ಆಗಿರುತ್ತದೆ. ಕಾಗದ ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸಬೇಕು, ನೀರು ಹೊಳೆಯಬಾರದು. ಒಂದೊಂದೇ ಹಾಳೆ ಹೊರಗೆ ತೆಗೆದು ಪ್ಲಾಸ್ಟಿಕ್ ಮತ್ತೆ ಮುಚ್ಚಿ. ಹಾಳೆಗಳನ್ನು ದಿನಗಟ್ಟಲೆ ಹಾಗೇ ಬಿಟ್ಟು ಮರೆತರೆ ಬೂಸ್ಟು ಬರುತ್ತದೆ, ಹುಷಾರು.

ಆದರೂ ನನ್ನ ಮಾತು ಕೇಳಿದರೆ, ಚಮಚದಿಂದ ಉಜ್ಜುವವರು ದಪ್ಪ ಕಾಗದದ ಸಹವಾಸವೇ ಬಿಡಿ. ತೆಳ್ಳನೆ, ನಾರು ಗಟ್ಟಿ ಇರುವ ಕಾಗದ ತಗೊಳ್ಳಿ, ಒಣಗಿದ್ದಾಗಲೇ ಚೆನ್ನಾಗಿ ಬರುತ್ತದೆ, ಒದ್ದೆ ಮಾಡುವ ಕೆಲಸವೇ ಇಲ್ಲ.

ಇನ್ನೊಂದು, ಗಾಜಿನ ಬದಲು ಗ್ರಾನೈಟ್ ಬಳಸಿ ನೋಡಿ. ನಮ್ಮ ಕುಷ್ಟಗಿ ಕಡೆ ಗ್ರಾನೈಟ್ ಕೊಯ್ಯುವಲ್ಲಿ ಪಾಲಿಶ್ ಆದ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕಮ್ಮಿ ದುಡ್ಡಿಗೆ ಕೊಡುತ್ತಾರೆ. ರಾತ್ರಿ ತಣ್ಣಗಾದ ಕಲ್ಲು ಬೆಳಗ್ಗೆ ಸುಮಾರು ಹೊತ್ತು ತಣ್ಣಗೇ ಇರುತ್ತದೆ.

ಗುಡ್ಡದ_ಬಳ್ಳಾರಿ

ತೆಳು ಕಾಗದದ ವಿಷಯದಲ್ಲಿ ಅಕ್ಕ ಹೇಳಿದ್ದು ಒಪ್ಪುತ್ತೇನೆ, ಆದರೆ ಅವರ ಚಿತ್ರದಲ್ಲಿ ಕಪ್ಪು ಜಾಗ ದೊಡ್ಡದಿದ್ದರೆ ತೆಳು ಕಾಗದ ಸುಕ್ಕು ಬೀಳಬಹುದು. ಎರಡನ್ನೂ ಒಂದೊಂದು ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೆದು ನೋಡಿ. ಫ್ಯಾನ್ ಅಂತೂ ಆರಿಸಿ. ನಮ್ಮಲ್ಲಿ ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಕಿಟಕಿ ಸಂದಿಯಲ್ಲೂ ಬರುತ್ತದೆ, ರೋಲರ್‌ಗೆ ಒಂದು ಕಣ ಹತ್ತಿದರೂ ಪ್ರತಿ ಪ್ರಿಂಟಿನಲ್ಲೂ ಉಂಗುರದಂಥ ಬಿಳಿ ಕಲೆ ಬೀಳುತ್ತದೆ.

ಅಚ್ಚು_ಸಿಂಧನೂರು

ತೊಳೆಯುವ ಬಗ್ಗೆ ಯಾರೂ ಹೇಳಿಲ್ಲ. ರೋಲರ್, ಕಲ್ಲು ಒರೆಸಲು ಶೇಂಗಾ ಎಣ್ಣೆ ಬಳಸಿ, ಅದು ಒಣಗಿ ಗಟ್ಟಿಯಾಗುವುದಿಲ್ಲ. ಕುಸುಬೆ ಎಣ್ಣೆ ಬೇಡ, ರೋಲರ್ ಮೇಲೆ ಉಳಿದರೆ ದಿನ ಕಳೆದಂತೆ ಅಂಟಂಟಾಗುತ್ತದೆ. ಆಮೇಲೆ ಸೋಪು ನೀರಲ್ಲಿ ಎಣ್ಣೆ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ನಾಳಿನ ಇಂಕ್ ಒಣಗಲ್ಲ.

ಮುಖ್ಯ ವಿಷಯ, ಇಂಕ್ ಒರೆಸಿದ ಬಟ್ಟೆ. ಇಂಕಿನಲ್ಲಿರುವ ಅಗಸೆ ಎಣ್ಣೆ ಗಾಳಿ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು, ಬೆಂಕಿಕಡ್ಡಿಯೇ ಬೇಡ. ನಮ್ಮ ಬೇಸಿಗೆಯಲ್ಲಿ ಅಪಾಯ ಇನ್ನೂ ಜಾಸ್ತಿ. ದಯವಿಟ್ಟು ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಹಾಕಿ, ಅಥವಾ ಬಯಲಲ್ಲಿ ಒಂದೊಂದೇ ಬಿಡಿಸಿ ಒಣಗಿಸಿ. ಮನೆಯಲ್ಲಿ ಮಕ್ಕಳಿರುತ್ತಾರೆ, ಇದನ್ನು ಸುಮ್ನೆ ಓದಿ ಬಿಡಬೇಡಿ.

ಲಿನೋ_ರಾಯಚೂರು

ಬೆಳಗ್ಗೆ ಬೆಳಕು ಹರಿಯುವಾಗಲೇ ಕೂತೆ. ಪುಡಿ ಸೇರಿಸಿದೆ, ಕಾಗದ ರಾತ್ರಿಯೇ ಕಟ್ಟಿಟ್ಟಿದ್ದೆ, ಫ್ಯಾನ್ ಇಲ್ಲ. ಹಗ್ಗದ ಎಳೆಗಳು ಒಂದೊಂದೂ ಬಿಡಿಬಿಡಿಯಾಗಿ ಬಂದಿವೆ, ಅಂಚೂ ಗಟ್ಟಿ ಕಪ್ಪು. ಬಿಸಿಲು ಏರಿ ಸದ್ದು ಮತ್ತೆ ಪಚಪಚ ಅಂದ ಕೂಡಲೇ ನಿಲ್ಲಿಸಿದೆ. ಬಟ್ಟೆ ಡಬ್ಬದಲ್ಲಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡ ಸೈಜ್ ಮಾಡುವ ಆಸೆ ಇದೆ, ಹಳೇ ಪ್ರೆಸ್ ಎಲ್ಲಾದರೂ ಇದ್ದರೆ ಹೇಳಿ.

ಕಾಗದ_ಕೊಪ್ಪಳ

ಗಂಗಾವತಿಯಲ್ಲಿ ಮೊಳೆ (ಲೋಹದ ಅಕ್ಷರದ ಅಚ್ಚು) ಜೋಡಿಸಿ ಅಚ್ಚು ಹಾಕುತ್ತಿದ್ದ ಹಳೇ ಮುದ್ರಣಾಲಯ ಒಂದು ಮುಚ್ಚುತ್ತಿದೆ, ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಮಷಿನ್ ಗುಜರಿಗೆ ಹೋಗುವುದರಲ್ಲಿದೆ. ಯಾರಾದರೂ ಉಳಿಸಿಕೊಂಡರೆ ನನಗೆ ಸಮಾಧಾನ. ಪೋಸ್ಟರ್ ಸೈಜ್ ಆಗಲ್ಲ, ಕಾರ್ಡು, ಸಣ್ಣ ಹಾಳೆಗೆ ಚೆನ್ನಾಗಿದೆ. ಲಿನೋ ಹಾಗೇ ಕೂರುವುದಿಲ್ಲ, ಅದು ಮೊಳೆಯಷ್ಟೇ ಎತ್ತರಕ್ಕೆ ಬರಬೇಕು. ಮೊಳೆಯ ಎತ್ತರ 0.918 ಇಂಚು, ಅಂದರೆ 23.3 ಮಿಲಿಮೀಟರ್ ಸುಮಾರು. ನಿಮ್ಮ ಲಿನೋ 3.2 ಮಿಲಿಮೀಟರ್ ಇದ್ದರೆ ಕೆಳಗೆ 20 ಮಿಲಿಮೀಟರ್ ಹಲಗೆ ಅಂಟಿಸಿ, ಉಳಿದ ಸಂದಿಗೆ ತೆಳು ಕಾಗದ ಕೊಡಿ. ನೋಡಲು ಹೋಗುವಾಗ ರೋಲರ್‌ಗಳನ್ನು ಬೆರಳಿನಿಂದ ಒತ್ತಿ ನೋಡಿ, ಬಿಸಿಲಿಗೆ ಕರಗಿ ಚಪ್ಪಟೆ ಆಗಿದ್ದರೆ ಹೊಸದಾಗಿ ಎರಕ ಹಾಕಿಸಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿಯೇ ರೇಟು ಮಾತಾಡಿ.