ಅಪ್‌ಡೇಟ್: ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಫ್ಲೂಯಿಡ್ ಎರಡೂ ಬದಲಾಯಿತು

ಡಿಫರೆನ್ಷಿಯಲ್‌ನ (ಎಂಜಿನ್ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಯಾವ ಪ್ಲಗ್ ಮೊದಲು ಬಿಚ್ಚಬೇಕು, ಫ್ಲೂಯಿಡ್ ಬದಲಿಸಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾದದ್ದೇಕೆ ಎಂದು ಕೇಳಿದ್ದೆ. ಎರಡೂ ಬಗೆಹರಿಯಿತು.

ಮೊದಲು ಫಿಲ್ ಪ್ಲಗ್ಗನ್ನೇ (ಆಯಿಲ್ ತುಂಬುವ ರಂಧ್ರದ ಮುಚ್ಚಳ) ಸಡಿಲಿಸಿ. ಹಳೆ ಆಯಿಲ್ ಹೊರಬಿಟ್ಟ ಮೇಲೆ ಆ ಪ್ಲಗ್ ಬಿಚ್ಚಲು ಬರದಿದ್ದರೆ ಗಾಡಿ ನಿಂತಲ್ಲೇ! ಗಾಡಿ ಸಮತಟ್ಟಾಗಿ ನಿಂತಿರಬೇಕು. ಮ್ಯಾನುಯಲ್ ಹೇಳಿದ ಗ್ರೇಡಿನ ಗೇರ್ ಆಯಿಲ್ (ನನ್ನ ಗಾಡಿಗೆ 75ಡಬ್ಲ್ಯೂ-90, ಜಿಎಲ್-5) ಫಿಲ್ ರಂಧ್ರದ ಅಂಚಿನಿಂದ ಜಿನುಗುವವರೆಗೆ ಪಂಪ್ ಮಾಡಿ. ಪ್ಲಗ್ಗಿನ ಮ್ಯಾಗ್ನೆಟ್ ಮೇಲಿನ ನುಣ್ಣನೆ ಬೂದು ಪೇಸ್ಟ್ ಸಹಜ, ಲೋಹದ ಚೂರು ಸಿಕ್ಕರೆ ಗೇರ್ ಹಲ್ಲು ನೋಡಲೇಬೇಕು.

ಪೆಡಲ್ ಮೆತ್ತಗಾಗಲು ಗಾಳಿಯೇ ಕಾರಣ: ರಿಸರ್ವಾಯರ್ (ಬ್ರೇಕ್ ಫ್ಲೂಯಿಡ್ ಡಬ್ಬಿ) ಖಾಲಿಯಾಗುವಷ್ಟು ಫ್ಲೂಯಿಡ್ ಇಳಿದಿತ್ತು. ಹೊಸ ಡಾಟ್ 4 ಬ್ರೇಕ್ ಫ್ಲೂಯಿಡ್ ತುಂಬಿ ನಾಲ್ಕೂ ಚಕ್ರ ಮತ್ತೆ ಬ್ಲೀಡ್ ಮಾಡಿದಾಗ (ಗಾಳಿ ಹೊರಹಾಕಿದಾಗ) ಗಟ್ಟಿಯಾಯಿತು. ಪೆಡಲ್ ಒತ್ತಿಹಿಡಿದಾಗ ನಿಪ್ಪಲ್ (ಚಕ್ರದ ಬ್ರೇಕ್‌ನಲ್ಲಿ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ. ಅದನ್ನು ಬಿಗಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲವಾದರೆ ಗಾಳಿ ವಾಪಸ್ ಒಳಗೆ. ಪೇಂಟ್ ಮೇಲೆ ಫ್ಲೂಯಿಡ್ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.