ಕ್ಲಿನಿಕ್‌ಗೆ ರ‍್ಯಾಂಪ್ ಬೇಡ ಅಂತಾರೆ ಮಾಲೀಕರು, ಹೇಗೆ ಒಪ್ಪಿಸಲಿ?

ಹೊಸ ಆರ್ಕಿಟೆಕ್ಟ್, ಹುಬ್ಬಳ್ಳಿ:
ವಿದ್ಯಾನಗರದಲ್ಲಿ ಒಂದು ಕ್ಲಿನಿಕ್‌ಗೆ ನಕ್ಷೆ ಮಾಡುತ್ತಿದ್ದೇನೆ. ಪ್ಲಿಂತ್, ಅಂದ್ರೆ ಹೊರಗಿನ ನೆಲದಿಂದ ಒಳಗಿನ ನೆಲದ ಎತ್ತರ, ಎರಡೂವರೆ ಅಡಿ. ರ‍್ಯಾಂಪ್ ಅಂದ್ರೆ ಮಾಲೀಕರು, 'ವೀಲ್‌ಚೇರ್‌ನವರು ಎಷ್ಟು ಜನ ಬರ್ತಾರ್ರೀ, ಸುಮ್ನೆ ಜಾಗ ದಂಡ' ಅಂದರು. ಕ್ಲಿನಿಕ್‌ಗೇ ಹೀಗಂದ್ರೆ ಏನು ಹೇಳೋದು?

ಧಾರವಾಡದವ:
ಮೊದಲು ಕಾನೂನು ಹೇಳಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಅಂಗವಿಕಲರು ಸಲೀಸಾಗಿ ಬಳಸುವಂತಿರಬೇಕೆಂಬ ನಿಯಮಕ್ಕೆ ಹೊಂದದ ನಕ್ಷೆಗೆ ಅನುಮತಿಯೇ ಕೊಡಬಾರದು. ಆಮೇಲೆ ಮಾಲೀಕರ ತಾಯಿಯ ಮಂಡಿನೋವು ಕೇಳಿರಿ, ಅದು ಕಾನೂನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ!

ಸೈಟ್ ಇಂಜಿನಿಯರ್:
ಲೆಕ್ಕ ನೋಡಿರಿ. 1:12 ಇಳಿಜಾರು, ಅಂದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ; ಎರಡೂವರೆ ಅಡಿಗೆ 30 ಅಡಿ ಉದ್ದ, ನಡುವೆ ತಿರುಗಲು 5 ಅಡಿ ಚೌಕ ಬೇರೆ. ಜಾಗ ಸಾಲದಿದ್ದರೆ ಮಡಚಿ ಹಾಕಿರಿ, ಅದಕ್ಕಿಂತ ಪ್ಲಿಂತನ್ನೇ ತಗ್ಗಿಸಲು ಆಗುತ್ತದಾ ನೋಡಿರಿ, ಮಳೆನೀರು ಒಳಗೆ ಬರಬಾರದು ಅಷ್ಟೇ. ನಮ್ಮ ಎರೆಮಣ್ಣು ಉಬ್ಬಿ ಕುಗ್ಗುತ್ತದೆ, ರ‍್ಯಾಂಪಿಗೆ ಸರಿಯಾದ ಬುನಾದಿ ಇಲ್ಲದಿದ್ದರೆ ಬಿರುಕು ಬಿಟ್ಟು ಬಾಗಿಲ ಹತ್ತಿರ ಮತ್ತೆ ಮೆಟ್ಟಿಲಾಗುತ್ತದೆ. ನನ್ನ ಸೈಟಿನಲ್ಲೇ ಆಗಿದೆ.

ಧಾರವಾಡದವ:
ಹೌದ್ರೀ. ಹೊಳೆಯುವ ಗ್ರಾನೈಟ್ ಬೇಡ, ಒದ್ದೆಯಾದರೆ ಅಜ್ಜಂದಿರು ಜಾರುತ್ತಾರೆ. ಶೌಚಾಲಯದ ಬಾಗಿಲು 900 ಮಿಮೀ ಇರಲಿ, ಹೊರಗೆ ತೆರೆಯಲಿ. ಒಳಗೆ ತೆರೆಯುವ ಬಾಗಿಲಾದರೆ, ಯಾರಾದರೂ ಒಳಗೆ ಬಿದ್ದಾಗ ಅದನ್ನು ನೂಕಲು ಆಗಲ್ಲ ಅಲ್ವಾ.

ಹೊಸ ಆರ್ಕಿಟೆಕ್ಟ್:
ನಮ್ಮ ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ದಾರಿ) ನಿಲ್ದಾಣದಲ್ಲಿ ಬಸ್ಸಿನ ಮಟ್ಟಕ್ಕೇ ಪ್ಲಾಟ್‌ಫಾರ್ಮ್ ಇದೆ. ನಾಳೆ ಮಾಲೀಕರನ್ನು ಅಲ್ಲಿಗೇ ಕರೆದೊಯ್ದು ತೋರಿಸುತ್ತೇನೆ.