ಸಹಾಯ ಬೇಕು: ಕಾರ್ಬ್ ಲೋಡ್ ಆದ್ಮೇಲೆ ಕೀಟೋಸಿಸ್‌ಗೆ ವಾಪಸ್ ಬರೋದು ತಡ ಆಗ್ತಿದೆ

ಸೈಕ್ಲಿಕಲ್ ಕೀಟೋ ಮಾಡ್ತಿದೀನಿ: ವಾರವೆಲ್ಲ ಕಾರ್ಬ್ ಕಮ್ಮಿ ತಿಂದು ಕೀಟೋಸಿಸ್‌ನಲ್ಲಿ (ಮೈ ಕೊಬ್ಬಿನಿಂದ ಕೀಟೋನ್ ಮಾಡ್ಕೊಂಡು ನಡೆಯೋ ಸ್ಥಿತಿ) ಇರೋದು, ವಾರಕ್ಕೊಮ್ಮೆ ಜಾಸ್ತಿ ಕಾರ್ಬ್ ತಿನ್ನೋದು (ಲೋಡ್). ತೂಕ 80 ಕೆಜಿ. ಭಾನುವಾರದಿಂದ ಶುಕ್ರವಾರ ಸಂಜೆವರೆಗೆ ಕಾರ್ಬ್ 30 ಗ್ರಾಂ ಒಳಗೆ, ಪ್ರೋಟೀನ್ 160, ಮಿಕ್ಕಿದ್ದೆಲ್ಲ ಕೊಬ್ಬು. ಶುಕ್ರವಾರ ಇಡೀ ಮೈಗೆ ಡಿಪ್ಲೀಷನ್ ವರ್ಕೌಟ್ (ಸ್ನಾಯುವಿನ ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಕಾರ್ಬ್, ಖಾಲಿ ಮಾಡೋ ವ್ಯಾಯಾಮ), ಅಲ್ಲಿಂದ ಶನಿವಾರ ರಾತ್ರಿವರೆಗೆ 500 ಗ್ರಾಂ ಕಾರ್ಬ್. ಹಣ್ಣು, ಸಕ್ಕರೆ ಕಮ್ಮಿ. ಯಾಕಂದ್ರೆ ಅವುಗಳಲ್ಲಿರೋ ಫ್ರಕ್ಟೋಸ್ ಹೆಚ್ಚಾಗಿ ಲಿವರ್ ಗ್ಲೈಕೋಜನ್ನೇ ತುಂಬೋದು, ಸ್ನಾಯುವಿಗೆ ಅಷ್ಟು ಸಿಗಲ್ಲ.

ಆದ್ರೂ ಬುಧವಾರದವರೆಗೆ ರಕ್ತದ ಕೀಟೋನ್ 0.5 ಮಿಲಿಮೋಲ್ (ಕೀಟೋಸಿಸ್ ಶುರು ಅನ್ನೋ ಮಟ್ಟ) ಮುಟ್ಟಲ್ಲ. ಸೋಮವಾರ ಸ್ಕ್ವಾಟ್ ಚೆನ್ನಾಗಿ ಹೋಗುತ್ತೆ, ಗುರುವಾರ ಮೀನಖಂಡ ಹಿಡ್ಕೊಳ್ಳುತ್ತೆ. ಉಪ್ಪು ಧಾರಾಳ, ಮೆಗ್ನೀಷಿಯಂ 300 ಮಿಲಿಗ್ರಾಂ, ಕ್ರಿಯೇಟಿನ್ 5 ಗ್ರಾಂ ನಡೀತಿದೆ. ಎಂಸಿಟಿ ಎಣ್ಣೆ (ಲಿವರ್‌ನಲ್ಲಿ ಬೇಗ ಕೀಟೋನ್ ಆಗೋ ಕೊಬ್ಬು) ಕುಡಿದ್ರೆ ಮೀಟರಲ್ಲಿ ಅಂಕಿ ಏರುತ್ತೆ, ಆದ್ರೆ ಅದು ಎಣ್ಣೆಯ ಕೀಟೋನ್, ಲೆಕ್ಕಕ್ಕಿಲ್ಲ.

ಲೋಡ್ 350ಕ್ಕೆ ಇಳಿಸ್ಬೇಕಾ, ಇಲ್ಲಾ 500 ಇಟ್ಕೊಂಡೇ ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೇಲಿ ಕಾರ್ಡಿಯೋ ಸೇರಿಸ್ಬೇಕಾ? ಸೋಮವಾರದ ಸ್ಕ್ವಾಟ್ ಕೆಡದ ಹಾಗೆ ಯಾವುದು ಸರಿ?